ಮನಾಲಿ–ಲೇಹ್ ಸೈಕಲ್ ಟೂರ್: ದೊಡ್ಡ ಗುಂಪೋ, ಸಣ್ಣ ತಂಡವೋ?

ಮನಾಲಿಯಿಂದ ಲೇಹ್‌ಗೆ ಸೈಕಲ್‌ನಲ್ಲಿ ಹೋಗುವ ಆಸೆ ಇದ್ದರೆ ಮನಾಲಿಯ ಸಣ್ಣ ತಂಡವನ್ನೇ ಹುಡುಕಿ. ನಾನು ಮೊದಲು ದೊಡ್ಡ ಗುಂಪಿನ ಟೂರ್‌ನಲ್ಲಿ ಹೋಗಿದ್ದೆ, ಆಮೇಲೆ ನಾಲ್ಕೈದು ಜನರ ತಂಡದ ಜೊತೆ. ದಾರಿ ಅದೇ, ಏರು ಅದೇ. ವ್ಯತ್ಯಾಸ ಇದ್ದದ್ದು ನಮ್ಮ ಸಾಮಾನು ಹೊರುವ ಗಾಡಿಯಲ್ಲಿ.

ದೊಡ್ಡ ಗುಂಪಿನ ಗಾಡಿ ಜೊತೆಗೆ ಬರುವುದೇ ಇಲ್ಲ. ಟೆಂಟು, ಅಡುಗೆ ಸಾಮಾನು, ಎಲ್ಲರ ಬ್ಯಾಗು ಅದರಲ್ಲೇ. ನಾವು ತಲುಪುವಷ್ಟರಲ್ಲಿ ಅಡುಗೆ ಆಗಿರಬೇಕಲ್ವಾ, ಬೆಳಿಗ್ಗೆಯೇ ಮುಂದೆ ಹೋಗಿಬಿಡುತ್ತದೆ. 4,800 ಮೀಟರ್‌ಗಿಂತ ಎತ್ತರದ ಬರಲಾಚಾ ಲಾ (ಲಾ ಅಂದರೆ ಬೆಟ್ಟ ದಾಟುವ ಕಣಿವೆದಾರಿ) ಮೇಲೆ ಆಲಿಕಲ್ಲು ಸುರಿಯಿತು. ನನ್ನ ದಪ್ಪ ಜಾಕೆಟ್ ಆಗಲೇ ರಾತ್ರಿ ತಂಗುವ ಸರ್ಚು ಸೇರಿತ್ತು. ಫೋನ್ ಸಿಗ್ನಲ್ ಇಲ್ಲ.

ಇಳಿಯುವಾಗ ಇನ್ನೂ ಕಷ್ಟ. ಗ್ಲೌಸ್ ಒದ್ದೆ, ಬೆರಳು ಮಡಚಲಾಗುತ್ತಿಲ್ಲ. ಎರಡು ಬೆರಳಲ್ಲಿ ಹಿಡಿಯುವ ಬ್ರೇಕನ್ನು ಇಡೀ ಅಂಗೈಯಿಂದ ಒತ್ತುತ್ತಾ ಬಂದೆ. ಭರತ್‌ಪುರದ ಢಾಬಾ ಟೆಂಟಿನಲ್ಲಿ ಅಲ್ಲಿಯ ಅಮ್ಮ ರಜಾಯಿ ಹೊದಿಸಿ, ಚಹಾ ಲೋಟ ಕೈಗೆ ಕೊಟ್ಟರು. ಲೋಟ ಬಿಸಿ ಅಂತ ಗೊತ್ತಾಗಲಿಕ್ಕೇ ಸುಮಾರು ಹೊತ್ತು ಹಿಡಿಯಿತು.

ಸಣ್ಣ ತಂಡದ ಗಾಡಿ ಕೊನೆಯ ಸೈಕಲ್‌ನ ಹಿಂದೆಯೇ ಇರುತ್ತಿತ್ತು. ಜಾಕೆಟ್, ಒಣ ಸಾಕ್ಸ್ ಇದ್ದ ಚಿಕ್ಕ ಬ್ಯಾಗು ಬಾಗಿಲ ಪಕ್ಕದಲ್ಲೇ. ಗಾಟಾ ಲೂಪ್ಸ್ ಅನ್ನುವ ಏರುದಾರಿಯ 21 ತಿರುವು ಮುಗಿಸಿ, ನಕೀ ಲಾ ಹತ್ತಿ ಇಳಿದರೆ ಮತ್ತೆ ಲಾಚುಲುಂಗ್ ಲಾ ಏರಬೇಕು. ಅವತ್ತು ಬೇಕೆಂದಾಗ ಬಿಸಿನೀರು ಸಿಕ್ಕಿದ್ದೇ ದೊಡ್ಡ ಉಪಕಾರ.

ಇನ್ನೊಂದು ಮುಖ್ಯ ವಿಷಯ ರಾತ್ರಿ ಮಲಗುವ ಜಾಗ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅಂತ ವೈದ್ಯರು ಹೇಳುತ್ತಾರೆ. ದೊಡ್ಡ ಗುಂಪಿನವರು ಜಿಸ್ಪಾದಿಂದ ಒಂದೇ ದಿನಕ್ಕೆ ಸರ್ಚುಗೆ ಕರೆದೊಯ್ದರು, ಅಂದರೆ ಸುಮಾರು ಸಾವಿರ ಮೀಟರ್ ಹೆಚ್ಚು ಎತ್ತರಕ್ಕೆ. ರಾತ್ರಿಯಿಡೀ ತಲೆ ಸಿಡಿಯಿತು. ಸಣ್ಣ ತಂಡ ಜಿಸ್ಪಾದಲ್ಲಿ ಒಂದು ರಾತ್ರಿ ಹೆಚ್ಚು ಇದ್ದು, ನಡುವೆ ಪತ್ಸೇವಿನಲ್ಲೂ ತಂಗಿತು. ಸರ್ಚುವಿನಲ್ಲಿ ಚೆನ್ನಾಗಿ ನಿದ್ದೆ ಬಂತು.

ಊಟ ದೊಡ್ಡ ಗುಂಪಿನದ್ದೇ ರುಚಿ. ಸಣ್ಣ ತಂಡದಲ್ಲಿ ಢಾಬಾದ ರಾಜ್ಮಾ ಅನ್ನ, ಮ್ಯಾಗಿ, ಆಮ್ಲೆಟ್. ಬಾಡಿಗೆ ಸೈಕಲ್ ಎರಡೂ ಕಡೆ ಪರವಾಗಿಲ್ಲ, ಸೀಟು ಮಾತ್ರ ಮನೆಯಿಂದಲೇ ಒಯ್ಯಿರಿ.

ಹೊರಡುವ ಹೊತ್ತೂ ನನಗೆ ಮುಖ್ಯ. ನಂದಿ ಬೆಟ್ಟಕ್ಕೆ ಕತ್ತಲಿರುವಾಗಲೇ ಹೊರಟು ರೂಢಿ. ಲೇಹ್ ದಾರಿಯಲ್ಲಂತೂ ಮಧ್ಯಾಹ್ನಕ್ಕೆ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ಹಳ್ಳಗಳಲ್ಲಿ ನೀರು ಏರುತ್ತದೆ, ಮೋರೆ ಅನ್ನುವ ಬಯಲಲ್ಲಿ ಎದುರುಗಾಳಿ ಶುರುವಾಗುತ್ತದೆ. ಗುಂಪು ದೊಡ್ಡದಾದಷ್ಟೂ ತಿಂಡಿ ಮುಗಿದು ಹೊರಡುವುದು ತಡ.

ಸಣ್ಣ ತಂಡಕ್ಕೆ ಕಾಲು ಭಾಗ ಜಾಸ್ತಿ ದುಡ್ಡು ಕೊಟ್ಟೆ. ಬೆಂಗಳೂರಿನಿಂದ ದೆಹಲಿಗೆ ವಿಮಾನ ಬಿಟ್ಟು ರೈಲು ಹಿಡಿದಿದ್ದರಿಂದ ಅದು ಬಹುಮಟ್ಟಿಗೆ ಸರಿಹೋಯಿತು. ವೇಗವಾಗಿ ಏರುವವರಿಗೆ, ಹತ್ತು ಜನರ ಜೊತೆ ಹರಟೆ ಇಷ್ಟಪಡುವವರಿಗೆ ದೊಡ್ಡ ಗುಂಪೇ ಹಿಡಿಸಬಹುದು. ನಿಧಾನವಾಗಿ ಏರುವವರು ಅಡ್ವಾನ್ಸ್ ಕಟ್ಟುವ ಮೊದಲೇ ಕೇಳಿ: ಗಾಡಿ ನಮ್ಮ ಹಿಂದೆ ಇರುತ್ತಾ, ಮುಂದೆ ಹೋಗಿಬಿಡುತ್ತಾ?