ಗಾಳಿಗೆ ಹೊಯ್ದಾಡುವ ಮೋಟರ್‌ಹೋಮ್: ಬಿಡಿಭಾಗ ಕೊಳ್ಳುವ ಮುನ್ನ ತೂಕ ಮಾಡಿಸಿ

ಮಲಗಲು, ಅಡುಗೆ ಮಾಡಲು ಒಳಗೇ ಅನುಕೂಲವಿರುವ ಮೋಟರ್‌ಹೋಮ್ ಗಾಡಿ ಗಾಳಿಗೆ ಹೊಯ್ದಾಡುತ್ತದೆ ಎಂದು ವರ್ಕ್‌ಶಾಪ್‌ಗೆ ಹೊರಟವರಿಗೆ ಒಂದು ಮಾತು. ಅಲ್ಲಿಯವರು ಮುಂದಿನ ಆಕ್ಸಲ್, ಎಂದರೆ ಎಡಬಲದ ಚಕ್ರಗಳನ್ನು ಹೊತ್ತ ಅಚ್ಚಿನ, ಮೇಲೆ ಎಷ್ಟು ಭಾರವಿದೆ, ಹಿಂದಿನದರ ಮೇಲೆ ಎಷ್ಟಿದೆ ಎಂದು ಕೇಳದೆಯೇ ಬೆಲೆಪಟ್ಟಿ ತೆರೆದರೆ, ಕೀಲಿಕೈ ವಾಪಸು ಇಸಿದುಕೊಂಡು ಹೊರಟುಬಿಡಿ. ನನಗೆ ಒಂದರ ಮೇಲೊಂದು ಬಿಡಿಭಾಗ ಮಾರಿದ ಅಂಗಡಿಯವರು ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಲಿಲ್ಲ. ಅವರ ಕೈಯಿಂದ ಹೊರಬಂದ ಗಾಡಿ ಮೊದಲಿಗಿಂತ ಅಪಾಯಕಾರಿಯಾಗಿತ್ತು.

ಗಾಡಿಯ ಅಳತೆಗಳನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಉದ್ದ 7 ಮೀಟರ್, ಎತ್ತರ 3 ಮೀಟರ್‌ಗೆ ತುಸು ಕಡಿಮೆ, ಎರಡು ಆಕ್ಸಲ್‌ಗಳ ನಡುವಿನ ಅಂತರ 4 ಮೀಟರ್. ಹಿಂದಿನ ಆಕ್ಸಲ್ ದಾಟಿದ ಮೇಲೂ ಸುಮಾರು ಎರಡು ಮೀಟರ್ ಮೈ ಹಿಂದಕ್ಕೆ ಚಾಚಿಕೊಂಡಿದೆ. ಅನುಮತಿಸಿದ ಒಟ್ಟು ತೂಕ 3500 ಕಿಲೋ. ಮಾರಿದವರೇ ಹಿಂಬದಿಗೆ ಸ್ಕೂಟರ್ ಹೊರುವ ಕ್ಯಾರಿಯರ್ ಜೋಡಿಸಿಕೊಟ್ಟಿದ್ದರು. ‘ಇದಕ್ಕೆಂದೇ ಮಾಡಿದ್ದು, ಏನೂ ಯೋಚನೆ ಬೇಡ’ ಎಂಬ ಭರವಸೆಯೂ ಜೊತೆಗೆ ಬಂದಿತ್ತು.

ಗಾಳಿಯಿಲ್ಲದ ದಿನ ಗಾಡಿಯ ಮೇಲೆ ಯಾವ ದೂರೂ ಇರಲಿಲ್ಲ. ಅಡ್ಡಗಾಳಿ ಎದ್ದರೆ ಮಾತ್ರ ಅದರ ವರಸೆ ಬದಲಾಗುತ್ತಿತ್ತು. ಗಾಳಿ ಮೂತಿಯನ್ನು ಎಡಕ್ಕೆ ತಳ್ಳಿದಾಗ ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಮೊದಲು ಏನೂ ಆಗುತ್ತಿರಲಿಲ್ಲ. ಇನ್ನಷ್ಟು ತಿರುಗಿಸಿದಾಗ ತಡವಾಗಿ, ಬೇಕಾದುದಕ್ಕಿಂತ ಹೆಚ್ಚಾಗಿ ಬಲಕ್ಕೆ ಬರುತ್ತಿತ್ತು. ಆಮೇಲೆ ಅದನ್ನು ಸರಿಪಡಿಸಲು ಎಡಕ್ಕೆ. ಹೀಗೆ ಗಂಟೆಗಟ್ಟಲೆ ನಡೆದರೆ ಭುಜ ಮರಗಟ್ಟುತ್ತದೆ. ಪಕ್ಕದಲ್ಲಿ ಕುಳಿತವರು ಬಾಯಿ ಬಿಡದೆ ಬಾಗಿಲಿನ ಹಿಡಿ ಹಿಡಿದುಕೊಂಡಿರುತ್ತಾರೆ.

ದೊಡ್ಡ ಪೆಟ್ಟಿಗೆಯಂಥ ಗಾಡಿ ಎಂದಮೇಲೆ ಗಾಳಿಗೆ ಅಲ್ಲಾಡದೆ ಇರುತ್ತದೆಯೇ ಎನ್ನಬಹುದು. ಅದೂ ನಿಜವೇ. ಗಂಟೆಗೆ 54 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಬಡಿದರೆ ಪ್ರತಿ ಚದರ ಮೀಟರ್ ಮೇಲೆ ಸುಮಾರು 14 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ಇಂಥ ಗಾಡಿಯ ಪಕ್ಕದ ಗೋಡೆ 18 ಚದರ ಮೀಟರ್ ಎಂದಿಟ್ಟುಕೊಂಡರೆ ಒರಟು ಲೆಕ್ಕಕ್ಕೆ 250 ಕಿಲೋ ಆಯಿತು. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಗಾಡಿ ಓಡುತ್ತಿರುವಾಗ ಎದುರುಗಾಳಿಯೂ ಅಡ್ಡಗಾಳಿಯೂ ಕೂಡಿ ಓರೆಯಾಗಿ ಬಡಿಯುತ್ತವೆ. ಆಗ ಒತ್ತಡದ ಕೇಂದ್ರ ಗಾಡಿಯ ಮಧ್ಯದಲ್ಲಿರದೆ ಮುಂಭಾಗಕ್ಕೆ ಸರಿದಿರುತ್ತದೆ, ಆದ್ದರಿಂದಲೇ ಮೊದಲು ಮೂತಿ ತಿರುಗುವುದು. ಆ ಮೂತಿಯನ್ನು ಹಿಡಿದು ನಿಲ್ಲಿಸಬೇಕಾದವು ಮುಂದಿನ ಎರಡು ಟಯರ್‌ಗಳು. ಅವುಗಳ ಮೇಲೆ ಸಾಕಷ್ಟು ಭಾರವಿಲ್ಲದಿದ್ದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ರಸ್ತೆಯ ಹಿಡಿತ ಸಿಗುವುದಿಲ್ಲ.

ಇಷ್ಟನ್ನು ವರ್ಕ್‌ಶಾಪ್‌ನವರಿಂದ ನಿರೀಕ್ಷಿಸುವುದು ಅತಿಯಾಸೆಯೇನಲ್ಲ. ‘ಮೋಟರ್‌ಹೋಮ್ ತಜ್ಞರು’ ಎಂದು ದೊಡ್ಡಕ್ಷರಗಳಲ್ಲಿ ಫಲಕ ಹಾಕಿಕೊಂಡವರು ಅವರು. ನಾನು ತೊಂದರೆ ಹೇಳಿ ಮುಗಿಸುವ ಮೊದಲೇ ಮೇಲ್ವಿಚಾರಕರು ‘ಸ್ಟೀರಿಂಗ್ ಡ್ಯಾಂಪರ್ ಹಾಕಿಬಿಡೋಣ ಸರ್’ ಎಂದರು. ಹಾಕಿದರು. ಸ್ಟೀರಿಂಗ್ ಭಾರವಾಯಿತು. ಚಕ್ರ ಗಡಗಡ ನಡುಗುವುದನ್ನೂ ಗುಂಡಿಗೆ ಬಿದ್ದಾಗಿನ ಒದೆತವನ್ನೂ ತಗ್ಗಿಸುವುದು ಡ್ಯಾಂಪರ್‌ನ ಕೆಲಸ. ಗಾಳಿ ತಳ್ಳುವುದನ್ನು ಅದು ತಡೆಯದು, ಸವೆದ ಕೀಲುಗಳನ್ನು ಸರಿಪಡಿಸದು. ಸ್ಟೀರಿಂಗ್ ಗಟ್ಟಿಯಾದುದರಿಂದ ಗಾಡಿಯೂ ಗಟ್ಟಿಯಾಯಿತೆಂಬ ಭ್ರಮೆಯನ್ನು ಮಾತ್ರ ಚೆನ್ನಾಗಿ ಹುಟ್ಟಿಸುತ್ತದೆ.

ಅದು ನಾಟದೆ ಹೋದಾಗ ಬಂದದ್ದು ಹಿಂದಿನ ಆಕ್ಸಲ್‌ಗೆ ಗಾಳಿ ತುಂಬುವ ರಬ್ಬರ್ ಬೆಲ್ಲೋಗಳು. ‘ಹಿಂಭಾಗ ಕುಸಿದಿದೆ, ಎತ್ತಿದರೆ ಎಲ್ಲ ಸರಿಹೋಗುತ್ತದೆ’ ಎಂಬುದು ಅವರ ವಾದ. ಬಾಲ ಸುಮಾರು ಏಳು ಸೆಂಟಿಮೀಟರ್ ಮೇಲೆದ್ದು ನಿಂತಿತು. ನೋಡಲು ಚೆಂದವೇ. ಆದರೆ ಬೆಲ್ಲೋ ಗಾಡಿಯನ್ನು ಎತ್ತುತ್ತದೆಯೇ ಹೊರತು ಭಾರವನ್ನು ಮುಂದಕ್ಕೆ ಸಾಗಿಸುವುದಿಲ್ಲ. ಹಿಂದಿನ ಆಕ್ಸಲ್ ಮೇಲೆ ಇದ್ದ ಭಾರ ಹೆಚ್ಚುಕಡಿಮೆ ಅಲ್ಲೇ ಇತ್ತು. ಇದರ ಜೊತೆಗೆ ಇನ್ನೊಂದು ಅನಾಹುತವೂ ನಡೆದಿತ್ತು. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರಗಳು ಎಡಬಲಕ್ಕೆ ಹೊರಳುವ ಅಕ್ಷದ ಮೇಲ್ತುದಿ ನೆಟ್ಟಗಿರದೆ ಹಿಂದಕ್ಕೆ ವಾಲಿಕೊಂಡಿರಬೇಕು. ಅದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಕೈಬಿಟ್ಟ ಸ್ಟೀರಿಂಗ್ ತಾನಾಗಿ ನೇರವಾಗಲು ಮುಖ್ಯವಾಗಿ ಆ ವಾಲೇ ಕಾರಣ. ನಾಲ್ಕು ಮೀಟರ್ ಅಂತರದ ಗಾಡಿಯ ಹಿಂಭಾಗವನ್ನು ಏಳು ಸೆಂಟಿಮೀಟರ್ ಎತ್ತಿದರೆ ಕ್ಯಾಸ್ಟರ್ ಒಂದು ಡಿಗ್ರಿ ಕಡಿಮೆಯಾಗುತ್ತದೆ. ಹೆದ್ದಾರಿಯಲ್ಲಿ ಒಂದು ಡಿಗ್ರಿ ಸಣ್ಣದಲ್ಲ. ಬೆಲ್ಲೋ ಕೆಟ್ಟದ್ದೆಂದು ನನ್ನ ಮಾತಲ್ಲ, ಕುಸಿದ ಗಾಡಿಯನ್ನು ಅದರ ಸಹಜ ಎತ್ತರಕ್ಕೆ ತರಲು ಅದು ಸರಿ. ಇವರು ಎಷ್ಟಕ್ಕೆ ಎತ್ತಬೇಕೆಂದು ಅಳತೆ ಹಿಡಿಯಲೇ ಇಲ್ಲ.

ಕೊನೆಗೆ ಉಚಿತ ಸೇವೆ ಎಂಬಂತೆ ನಾಲ್ಕೂ ಟಯರ್‌ಗಳಿಗೆ, ಟಯರ್‌ನ ಪಕ್ಕೆಯ ಮೇಲೆ ಬರೆದಿದ್ದ ಗರಿಷ್ಠ ಒತ್ತಡದವರೆಗೂ ಗಾಳಿ ತುಂಬಿ ಕಳಿಸಿದರು. ಆ ಅಂಕಿ ಟಯರ್ ಪೂರ್ತಿ ಭಾರ ಹೊತ್ತಾಗ ಬೇಕಾಗುವಂಥದ್ದು. ಭಾರವೇ ಇಲ್ಲದ ಮುಂದಿನ ಟಯರ್‌ಗೆ ಅಷ್ಟು ತುಂಬಿದರೆ ಅದು ರಸ್ತೆಯನ್ನು ಅಗಲವಾಗಿ ಅಪ್ಪುವುದಿಲ್ಲ, ರಸ್ತೆಯ ಒಂದೊಂದು ಗೆರೆಗೂ ಉಬ್ಬಿಗೂ ಜಿಗಿಯುತ್ತದೆ.

ಪರೀಕ್ಷಾರ್ಥ ಓಡಿಸಿ ತೋರಿಸಿದ್ದು ಎಲೆಯೂ ಅಲುಗದ ಸಂಜೆಯಲ್ಲಿ. ಗಾಳಿಯ ದಿನ ಹೇಗಿರುತ್ತದೆ ಎಂಬುದು ಗೊತ್ತಾದದ್ದು ಒಂದು ಉದ್ದನೆಯ ಸೇತುವೆಯ ಮೇಲೆ. ನನ್ನನ್ನು ಹಿಂದಿಕ್ಕುತ್ತಿದ್ದ ದೊಡ್ಡ ಲಾರಿ ಗಾಳಿ ಬರುವ ಕಡೆಗಿತ್ತು. ಲಾರಿಯ ಮೂತಿ ಸಮೀಪಿಸಿದಾಗ ಅದರ ಮುಂದಿನ ಗಾಳಿ ನಮ್ಮನ್ನು ಆಚೆಗೆ ತಳ್ಳಿತು. ಅದು ಪಕ್ಕಕ್ಕೆ ಬಂದಾಗ ಅಡ್ಡಗಾಳಿ ಪೂರ್ತಿ ಮರೆಯಾಗಿ, ಗಾಳಿಗೆ ಎದುರಾಗಿ ಹಿಡಿದಿದ್ದ ಸ್ಟೀರಿಂಗ್ ನಮ್ಮನ್ನು ಲಾರಿಯ ಕಡೆಗೇ ಎಳೆಯಿತು. ಸರಿಪಡಿಸುವಷ್ಟರಲ್ಲಿ ಲಾರಿ ದಾಟಿಹೋಗಿ ಗಾಳಿ ಒಮ್ಮೆಲೇ ಬಡಿಯಿತು. ಗಾಡಿಯ ಮೈ ವಾಲಿತು. ವಾಲಿದ್ದು ಅಲ್ಲಿಗೇ ನಿಲ್ಲಲಿಲ್ಲ, ಇನ್ನೂ ವಾಲುತ್ತಾ ಹೋಯಿತು. ಒಳಗಿನ ಕಪಾಟಿನ ಬಾಗಿಲು ತೆರೆದುಕೊಂಡು ತಟ್ಟೆಗಳು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಸೇತುವೆಯ ತಡೆಗೋಡೆಗೂ ನಮಗೂ ಒಂದು ಮೊಳ ಅಂತರ ಉಳಿದಿತ್ತೇನೋ. ಬ್ರೇಕ್ ಮುಟ್ಟದೆ ಆಕ್ಸಿಲರೇಟರ್‌ನಿಂದ ಕಾಲು ಎತ್ತಿದ್ದರಿಂದ ಗಾಡಿ ಮೆಲ್ಲಗೆ ಹತೋಟಿಗೆ ಬಂತು.

ಆ ‘ಇನ್ನೂ ವಾಲುತ್ತಾ ಹೋಗುವ’ ಗುಣ ಮೊದಲು ಇರಲಿಲ್ಲ. ಮರುದಿನ ಟಾರ್ಚ್ ಹಿಡಿದು ಹಿಂದಿನ ಆಕ್ಸಲ್ ಕೆಳಗೆ ಮಲಗಿ ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಗಾಳಿ ತುಂಬುವ ವಾಲ್ವ್‌ನಿಂದ ಒಂದೇ ಕಪ್ಪು ಕೊಳವೆ ಹೊರಟು, ಗಾಡಿಯ ಅಡಿಚೌಕಟ್ಟಾದ ಚಾಸಿಯ ಮಧ್ಯದಲ್ಲಿ ಇಂಗ್ಲಿಷ್ ‘ಟಿ’ ಆಕಾರದ ಜೋಡಣೆಯಲ್ಲಿ ಎರಡಾಗಿ ಕವಲೊಡೆದು, ಎಡ ಬಲದ ಬೆಲ್ಲೋಗಳಿಗೆ ಹೋಗಿತ್ತು. ಎಂದರೆ ಎರಡರ ಒಳಗಿನ ಗಾಳಿಯೂ ಒಂದೇ. ಗಾಡಿ ಎಡಕ್ಕೆ ವಾಲಿದಾಗ ಎಡಗಡೆಯ ಬೆಲ್ಲೋ ಒತ್ತಿಕೊಂಡು, ಅದರೊಳಗಿನ ಗಾಳಿ ಕೊಳವೆಯಲ್ಲಿ ಹರಿದು ಬಲಗಡೆಯದಕ್ಕೆ ಹೋಗುತ್ತದೆ. ತಡೆದು ನಿಲ್ಲಿಸಬೇಕಾದ ಕಡೆ ಮೆತ್ತಗಾಗುತ್ತದೆ, ಹಗುರಾದ ಕಡೆ ಉಬ್ಬಿ ಇನ್ನಷ್ಟು ಎತ್ತುತ್ತದೆ. ಪ್ರತಿ ಬೆಲ್ಲೋಗೂ ಬೇರೆ ಕೊಳವೆ, ಬೇರೆ ವಾಲ್ವ್ ಕೊಡಲು ತಗಲುವ ಹೆಚ್ಚುವರಿ ಸಾಮಾನು ಒಂದು ಗಜ ಕೊಳವೆ ಮತ್ತು ಒಂದು ವಾಲ್ವ್. ಅಷ್ಟನ್ನು ಉಳಿಸಿದ್ದರು.

ಆಮೇಲೆ ಗಾಡಿಯನ್ನು ವಾಹನ ತೂಗುವ ವೇಬ್ರಿಡ್ಜ್‌ಗೆ ಒಯ್ದೆ. ಪ್ರಯಾಣಕ್ಕೆ ಹೊರಡುವಾಗ ಇರುವಂತೆಯೇ ನೀರು, ಗ್ಯಾಸ್, ಸಾಮಾನು, ಜನ ಎಲ್ಲ ಇರಬೇಕು. ಮೊದಲು ಇಡೀ ಗಾಡಿ, ನಂತರ ಮುಂದಿನ ಚಕ್ರಗಳು ಮಾತ್ರ ತೂಕದ ಹಾಸಿನ ಮೇಲೆ, ನಂತರ ಹಿಂದಿನವು ಮಾತ್ರ. ಎಡಬಲ ಬೇರೆಬೇರೆ ತೂಗುವ ಅನುಕೂಲವಿದ್ದರೆ ಇನ್ನೂ ಒಳ್ಳೆಯದು. ನನ್ನ ಚೀಟಿಯಲ್ಲಿ ಬಂದದ್ದು: ಒಟ್ಟು 3450, ಮುಂದೆ 1370, ಹಿಂದೆ 2080. ಗಾಡಿಗೆ ತಯಾರಕರು ಅಂಟಿಸಿದ ಫಲಕದ ಮೇಲೆ ಆಕ್ಸಲ್ ಮಿತಿಗಳು ಬೇರೆಯಾಗಿಯೇ ಇರುತ್ತವೆ. ನನ್ನದರಲ್ಲಿ ಮುಂದಿನದು 1850, ಹಿಂದಿನದು 2000. ಒಟ್ಟು ಲೆಕ್ಕ ಸರಿ, ಹಿಂದಿನ ಆಕ್ಸಲ್ ಮೇಲೆ ಮಾತ್ರ 80 ಕಿಲೋ ಹೆಚ್ಚು.

ಚೀಟಿಯನ್ನು ವರ್ಕ್‌ಶಾಪ್‌ನ ಮೇಜಿನ ಮೇಲಿಟ್ಟಾಗ ಮೇಲ್ವಿಚಾರಕರು ಮೊದಲ ಸಾಲನ್ನಷ್ಟೇ ಓದಿ, ‘ಮಿತಿಯೊಳಗೇ ಇದೆಯಲ್ಲ ಸರ್’ ಎಂದರು. ಮೂರನೆಯ ಸಾಲಿಗೆ ಬೆರಳಿಟ್ಟು ತೋರಿಸಿದೆ. ‘ಅದಕ್ಕೇ ಅಲ್ಲವೇ ಬೆಲ್ಲೋ ಹಾಕಿದ್ದು’ ಎಂಬ ಉತ್ತರ ಬಂತು. ಬೆಲ್ಲೋ ಹಾಕಿದ ಮಾತ್ರಕ್ಕೆ ಆಕ್ಸಲ್‌ನ ಅಧಿಕೃತ ಮಿತಿ ಹೆಚ್ಚುವುದಿಲ್ಲ. ಟಯರ್, ಬೇರಿಂಗ್, ಬ್ರೇಕ್‌ಗಳ ಶಕ್ತಿಯೂ ಹೆಚ್ಚುವುದಿಲ್ಲ. ಇದನ್ನು ಗಿರಾಕಿ ಅವರಿಗೆ ಹೇಳಿಕೊಡಬೇಕಾಗಿ ಬಂತು.

ಈಗ ಆ ಸ್ಕೂಟರ್ ಕ್ಯಾರಿಯರ್‌ನ ಲೆಕ್ಕ ನೋಡಿ. ಸ್ಕೂಟರೂ ಕ್ಯಾರಿಯರೂ ಸೇರಿ 160 ಕಿಲೋ, ಹಿಂದಿನ ಆಕ್ಸಲ್‌ನಿಂದ ಎರಡೂವರೆ ಮೀಟರ್ ಹಿಂದೆ ನೇತಾಡುತ್ತಿತ್ತು. ಹಿಂದಿನ ಆಕ್ಸಲ್ ಇಲ್ಲಿ ಏತದ ನಡುಗಂಬ: ಹಿಂದೆ ತೂಗಿದರೆ ಮುಂದೆ ಏಳುತ್ತದೆ. 160ನ್ನು ಎರಡೂವರೆಯಿಂದ ಗುಣಿಸಿ 4ರಿಂದ ಭಾಗಿಸಿದರೆ 100. ಅಷ್ಟು ಕಿಲೋ ಮುಂದಿನ ಚಕ್ರಗಳಿಂದ ಕಳೆದುಹೋಗುತ್ತದೆ, ಹಿಂದಿನ ಆಕ್ಸಲ್ ಮೇಲೆ 160 ಅಲ್ಲ, 260 ಕಿಲೋ ಕೂರುತ್ತದೆ. ಕ್ಯಾರಿಯರ್ ಬಿಚ್ಚಿಸಿ ತೂಗಿದರೆ ಮುಂದೆ 1470, ಹಿಂದೆ 1820. ಹಿಂದಿನ ಗೂಡಿನಲ್ಲಿದ್ದ ಉಪಕರಣದ ಪೆಟ್ಟಿಗೆ, ಕೇಬಲ್ ಸುರುಳಿಗಳನ್ನು ಎರಡು ಆಕ್ಸಲ್‌ಗಳ ನಡುವೆ ನೆಲಮಟ್ಟಕ್ಕೆ ತಂದ ಮೇಲೆ ಇನ್ನಷ್ಟು ಸುಧಾರಿಸಿತು. ಬಳಸಿದ ನೀರಿನ ತೊಟ್ಟಿ ಹಿಂಭಾಗದಲ್ಲಿದ್ದರೆ ಹೊರಡುವ ಮೊದಲು ಖಾಲಿ ಮಾಡಿ. ಅರ್ಧ ತುಂಬಿದ ತೊಟ್ಟಿಯ ನೀರು ತುಳುಕಿ ವಾಲಾಟಕ್ಕೆ ತನ್ನ ಪಾಲನ್ನೂ ಸೇರಿಸುತ್ತದೆ. ಚಾವಣಿಯ ಮೇಲೆ ಭಾರ ಕಟ್ಟುವ ಬಗ್ಗೆ ಹೇಳುವುದೇ ಬೇಡ.

ತೂಕದ ಚೀಟಿ ಕೈಯಲ್ಲಿದ್ದರೆ ಟಯರ್ ಒತ್ತಡ ಊಹೆಯ ಮಾತಾಗಿ ಉಳಿಯುವುದಿಲ್ಲ. ಟಯರ್ ತಯಾರಕರು ಇಷ್ಟು ಭಾರಕ್ಕೆ ಇಷ್ಟು ಗಾಳಿ ಎಂಬ ಕೋಷ್ಟಕ ಕೊಡುತ್ತಾರೆ. ಅದರಂತೆ, ಗಾಡಿ ಓಡಿಸುವ ಮುನ್ನ ಟಯರ್ ತಣ್ಣಗಿರುವಾಗ ತುಂಬಬೇಕು. ಹಾಗೆ ತುಂಬಿದಾಗ ಮುಂದಿನ ಟಯರ್‌ಗಳಿಗೆ ಅಂಗಡಿಯವರು ಹಾಕಿದ್ದಕ್ಕಿಂತ ಗಣನೀಯವಾಗಿ ಕಡಿಮೆ ಸಾಕಾಯಿತು. ಹಾಗೆಂದು ಮನಸ್ಸಿಗೆ ಬಂದಂತೆ ಇಳಿಸಬೇಡಿ. ಗಾಳಿ ಕಡಿಮೆಯಾದ ಟಯರ್‌ನ ಪಕ್ಕೆ ಮಡಚಿ ಅದರಿಂದಲೂ ಗಾಡಿ ತೇಲುತ್ತದೆ, ಟಯರ್ ಕಾದು ಸಿಡಿಯುವ ಅಪಾಯ ಬೇರೆ. ಪಕ್ಕೆಯ ಮೇಲಿನ ನಾಲ್ಕಂಕಿಯ ಗುರುತನ್ನೂ ಓದಿಕೊಳ್ಳಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೋಟರ್‌ಹೋಮ್ ಟಯರ್‌ಗಳು ಸವೆಯುವ ಮುಂಚೆಯೇ ಮುದಿಯಾಗುವುದುಂಟು.

ಇದಾದ ಮೇಲೆ ಕೀಲುಗಳ ಸರದಿ. ಎಂಜಿನ್ ಓಡುತ್ತಿರುವಾಗ ಒಬ್ಬರು ಸ್ಟೀರಿಂಗ್ ಅನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪವೇ ಅಲುಗಿಸಲಿ, ಇನ್ನೊಬ್ಬರು ಸ್ಟೀರಿಂಗ್‌ನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್‌ನ ತುದಿಗಳನ್ನು ಗಮನಿಸಲಿ. ಸ್ಟೀರಿಂಗ್ ಅಲುಗಿಯೂ ಚಕ್ರ ಅಲುಗದಿದ್ದರೆ ‘ಪ್ಲೇ’, ಎಂದರೆ ಸಡಿಲ, ಇದೆ ಎಂದರ್ಥ. ನನ್ನ ಗಾಡಿಯ ಒಂದು ತುದಿ ಸವೆದಿತ್ತು, ಡ್ಯಾಂಪರ್ ಅದನ್ನು ಮುಚ್ಚಿಟ್ಟಿತ್ತು. ವೀಲ್ ಅಲೈನ್‌ಮೆಂಟ್ ಮಾಡಿಸುವಾಗಲೂ ಗಾಡಿಯಲ್ಲಿ ಪ್ರಯಾಣದ ಭಾರವಿರಲಿ, ಖಾಲಿ ಗಾಡಿಯ ಕೋನಗಳು ತುಂಬಿದ ಗಾಡಿಗೆ ಹೊಂದುವುದಿಲ್ಲ. ಟೋ (ಎಡಬಲದ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿ ನಿಂತಿರುವ ಅಳತೆ) ಒಂದನ್ನೇ ನೋಡಿ ಕಳಿಸಿಬಿಡುವವರು ಬಹಳ, ಕ್ಯಾಸ್ಟರ್ ಅಂಕಿಯನ್ನೂ ಮುದ್ರಿಸಿ ಕೊಡಿ ಎಂದು ಕೇಳಿ. ಕೆಲವು ಚಾಸಿಗಳಲ್ಲಿ ಅದನ್ನು ಹೊಂದಿಸಲು ಬರುತ್ತದೆ, ಕೆಲವದರಲ್ಲಿ ಬರುವುದಿಲ್ಲ. ಆದರೆ ಅಂಕಿ ತಿಳಿದಿದ್ದರೆ ಹಿಂಭಾಗವನ್ನು ಎಷ್ಟು ಎತ್ತಬೇಕೆಂಬ ಅಂದಾಜು ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೂ ಗಾಡಿ ಹೊಯ್ದಾಡಿದರೆ ಆಗ ಬಿಡಿಭಾಗ ಕೊಳ್ಳಿ. ಮೈ ವಾಲುವುದಾದರೆ ವಾಲಾಟ ತಡೆಯುವ ಸರಳು, ಆ್ಯಂಟಿ ರೋಲ್ ಬಾರ್. ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇರುವ ಗಾಡಿಯಲ್ಲಿ ಬಾಲ ಪಕ್ಕಕ್ಕೆ ಸರಿದು ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡಂತೆ ಆಗುವುದಾದರೆ, ಆಕ್ಸಲ್ ಮತ್ತು ಚಾಸಿಯ ನಡುವೆ ಅಡ್ಡಲಾಗಿ ಕೂರಿಸುವ ಪ್ಯಾನ್‌ಹಾರ್ಡ್ ರಾಡ್. ಎರಡರ ಕೆಲಸವೂ ಬೇರೆ, ಒಂದಕ್ಕೆ ಬದಲು ಇನ್ನೊಂದನ್ನು ಮಾರುವವರಿದ್ದಾರೆ. ನನ್ನ ಗಾಡಿಗೆ ಇವೆರಡೂ ಬೇಕಾಗಲಿಲ್ಲ. ಮರ್ಸಿಡಿಸ್ ಕಂಪನಿ 2013ರಲ್ಲಿ ಸ್ಪ್ರಿಂಟರ್ ವ್ಯಾನ್‌ಗೆ ಅಡ್ಡಗಾಳಿಯನ್ನು ಗುರುತಿಸಿ ತಾನೇ ಬ್ರೇಕ್ ಒತ್ತಿ ಸಾಗುದಾರಿ ತಿದ್ದುವ ವ್ಯವಸ್ಥೆಯನ್ನು ತಂದಿತು. ಅಂಥದ್ದು ಇದ್ದರೂ ಹಗುರಾದ ಮುಂದಿನ ಆಕ್ಸಲ್ ಮೇಲೆ ಅದು ಭಾರ ತಂದಿಡಲಾರದು.

ಓಡಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಳಿ ಎದ್ದರೆ ವೇಗ ಇಳಿಸಿ, ವೇಗವನ್ನು ತಾನೇ ಕಾಯುವ ಕ್ರೂಸ್ ಕಂಟ್ರೋಲ್ ನಿಲ್ಲಿಸಿ, ಸೇತುವೆ ಮತ್ತು ದಿಬ್ಬದ ಮರೆ ಮುಗಿಯುವ ಜಾಗಕ್ಕೆ ಮೊದಲೇ ಸಿದ್ಧರಾಗಿ. ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪನದ 8ನೇ ಮಟ್ಟ, ಎಂದರೆ ಗಂಟೆಗೆ 62ರಿಂದ 74 ಕಿಲೋಮೀಟರ್ ಗಾಳಿಯ ಮುನ್ಸೂಚನೆ ಇದ್ದರೆ ನಾನು ಗಾಡಿ ತೆಗೆಯುವುದೇ ಇಲ್ಲ. ಮುನ್ಸೂಚನೆಯಲ್ಲಿ ಸರಾಸರಿ ವೇಗದ ಪಕ್ಕದಲ್ಲಿ ಬೀಸುಗಾಳಿಯ ಗರಿಷ್ಠ ವೇಗವನ್ನೂ ಕೊಟ್ಟಿರುತ್ತಾರೆ, ನೋಡಬೇಕಾದದ್ದು ಎರಡನೆಯದನ್ನು.

ವರ್ಕ್‌ಶಾಪ್‌ನವರು ಹಣ ಹಿಂದಿರುಗಿಸಲಿಲ್ಲ. ಕೊಳವೆ ಬೇರ್ಪಡಿಸಿಕೊಡಲು ಮಾತ್ರ ಗೊಣಗುತ್ತಾ ಒಪ್ಪಿದರು. ಆ ಕೆಲಸ ಮುಗಿಯುವವರೆಗೂ ನಾನು ಪಕ್ಕದಲ್ಲೇ ನಿಂತಿದ್ದೆ. ನಿಮ್ಮ ಗಾಡಿಗೆ ಯಾರಾದರೂ ಬೆಲ್ಲೋ ಹಾಕಿಕೊಟ್ಟಿದ್ದರೆ ಗಾಳಿ ತುಂಬುವ ವಾಲ್ವ್‌ಗಳು ಎಷ್ಟಿವೆ ಎಂದು ಈಗಲೇ ಹೋಗಿ ನೋಡಿ. ಒಂದೇ ಇದ್ದರೆ ಕೆಳಗೆ ಮಲಗಿ ಕೊಳವೆಯ ಜಾಡು ಹಿಡಿಯಿರಿ. ಎರಡಿದ್ದರೂ ಒಂದರ ಗಾಳಿ ಬಿಟ್ಟಾಗ ಇನ್ನೊಂದರ ಒತ್ತಡ ಇಳಿಯುತ್ತದೆಯೇ ಎಂದು ಮೀಟರ್ ಹಚ್ಚಿ ಪರೀಕ್ಷಿಸಿಕೊಳ್ಳಿ.