ಕಿಟ್ ಗಿಟಾರ್ ಮತ್ತು ಕೊಡಗಿನ ಮಳೆ: ಮೂರು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಉಳಿಸಲು ಎಂದು ಎಲೆಕ್ಟ್ರಿಕ್ ಗಿಟಾರ್ ಕಿಟ್ (ಬಿಡಿಭಾಗ ತರಿಸಿ ನಾವೇ ಜೋಡಿಸಿಕೊಳ್ಳುವುದು) ಕೊಳ್ಳುವುದಾದರೆ ಬೇಡ. ಕಿಟ್ಟಿಗೆ ಕೊಟ್ಟದ್ದು ಹತ್ತು ಸಾವಿರದ ಒಳಗೆ. ಆಮೇಲೆ ನಟ್ (ತಲೆಯ ಬದಿ ತಂತಿಗಳು ಕೂರುವ ಸೀಳುಪಟ್ಟಿ), ಟ್ಯೂನರ್ (ಶ್ರುತಿ ಮಾಡುವ ಕಿವಿ), ಪಾಟ್ (ಸದ್ದು ಹೆಚ್ಚುಕಮ್ಮಿ ಮಾಡಲು ತಿರುಗಿಸುವ ಭಾಗ), ತಾಮ್ರದ ಟೇಪ್, ಪಾಲಿಶ್, ಅರ, ಸೋಲ್ಡರಿಂಗ್ ಐರನ್ ಎಂದು ಹೆಚ್ಚುಕಮ್ಮಿ ಅಷ್ಟೇ ದುಡ್ಡು ಹೋಯಿತು. ಅದೇ ಖರ್ಚಿಗೆ ಮೈಸೂರಿನ ಅಂಗಡಿಯಲ್ಲಿ ರೆಡಿ ಗಿಟಾರ್ ಸಿಗುತ್ತದೆ, ಬ್ಯಾಗ್ ಸಮೇತ. ಆದರೂ ಇನ್ನೊಂದು ಸಲ ಕೇಳಿದರೆ ನಾನು ಕಿಟ್ಟನ್ನೇ ಕೊಳ್ಳುತ್ತೇನೆ. ಕಾರಣ ನಮ್ಮ ಮಳೆ.

ಮಡಿಕೇರಿ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಮರದ ಸಾಮಾನು ಅಂದ ಮೇಲೆ ಗಿಟಾರ್ ಮಾತ್ರ ಸುಮ್ಮನಿರುತ್ತದಾ? ನೆಕ್ಕಿನ (ಬೆರಳಿಟ್ಟು ನುಡಿಸುವ ಉದ್ದ ಕತ್ತಿನ) ಬಾಗು ಬದಲಾಗುತ್ತದೆ, ತಂತಿ ಮೇಲೇರುತ್ತದೆ, ಶ್ರುತಿ ನಿಲ್ಲುವುದಿಲ್ಲ. ರಿಪೇರಿಗೆ ಹೋಗಬೇಕೆಂದರೆ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಅಲ್ಲಿನ ಒಣ ಹವೆಯಲ್ಲಿ ಸೆಟಪ್ ಮಾಡಿಸಿ ತಂದದ್ದು ಇಲ್ಲಿನ ತೇವಕ್ಕೆ ಮತ್ತೆ ಬದಲಾಗುತ್ತದೆ. ಹಾಗಾಗಿ ಕೊಡಗಿನಲ್ಲಿ ಗಿಟಾರ್ ಇಟ್ಟುಕೊಂಡವರಿಗೆ ಅದನ್ನು ಬಿಚ್ಚಿ ಜೋಡಿಸಲು ಬರಲೇಬೇಕು. ಕಿಟ್ ಕಲಿಸುವುದು ಅದನ್ನೇ.

ನಾನು ತರಿಸಿದ್ದು ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರಿನ ಆಕಾರದ್ದು. ಮಾರಿದವರ ಹೆಸರು ಹೇಳುವುದಿಲ್ಲ. ಒಂದೇ ಬಗೆಯ ಕಿಟ್ ಆನ್‌ಲೈನ್‌ನಲ್ಲಿ ಹಲವು ಹೆಸರಲ್ಲಿ ಸಿಗುತ್ತದೆ, ಒಳಗಿನ ಮಾಲು ಹೆಚ್ಚುಕಮ್ಮಿ ಅದೇ. ಮೊದಲ ಸಲ ಜೋಡಿಸುವವರಿಗೆ ಈ ಆಕಾರವೇ ಸರಿ. 1950ರ ಹೊತ್ತಿಗೆ ಲಿಯೋ ಫೆಂಡರ್ ಇದನ್ನು ರೂಪಿಸಿದ್ದೇ ಕಾರ್ಖಾನೆಯಲ್ಲಿ ಬೇಗ ಬೇಗ ಜೋಡಿಸಲು ಆಗಲಿ ಎಂದು. ಚಪ್ಪಟೆ ಬಾಡಿ, ನಾಲ್ಕು ಸ್ಕ್ರೂಗಳಲ್ಲಿ ಕೂರುವ ನೆಕ್. ನೆಕ್ ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. 1952ರಲ್ಲಿ ಬಂದ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರ್‌ನಲ್ಲಿ ನೆಕ್ ಓರೆಯಾಗಿ ಅಂಟಿ ಕೂತಿರುತ್ತದೆ. ಹಾಗೆ ಅಂಟಿಸುವ ಕಿಟ್ಟೂ ಉಂಟು, ನೋಡಲು ಚೆಂದವೂ ಹೌದು. ಆದರೆ ಅಂಟು ಒಣಗಿದ ಮೇಲೆ ಕೋನ ಸರಿಯಿಲ್ಲ ಎಂದು ಗೊತ್ತಾದರೆ ಮಾಡುವುದೇನು?

ಪೆಟ್ಟಿಗೆಯಲ್ಲಿ ಬಾಸ್‌ವುಡ್ ಬಾಡಿ, ಮೇಪಲ್ ನೆಕ್, ಒಂದು ಕವರಿನಲ್ಲಿ ಸ್ಕ್ರೂಗಳು. ಹೆಡ್‌ಸ್ಟಾಕ್ (ನೆಕ್ಕಿನ ತಲೆ) ಮಾತ್ರ ಕತ್ತರಿಸದ ಅಗಲ ಹಲಗೆಯಾಗಿಯೇ ಬರುತ್ತದೆ. ಅರ್ಧ ಕೆಲಸ ಬಿಟ್ಟಿದ್ದಾರೆ ಎಂದು ಬೈಯಬೇಡಿ. ಫೆಂಡರ್ ತನ್ನ ಹೆಡ್‌ಸ್ಟಾಕ್ ಆಕಾರಗಳಿಗೆ ಟ್ರೇಡ್‌ಮಾರ್ಕ್ ಪಡೆದಿದೆ. ಬಾಡಿಯ ಆಕಾರಕ್ಕೂ ಕೇಳಿತ್ತು, 2009ರಲ್ಲಿ ಅಮೆರಿಕದಲ್ಲಿ ಅದನ್ನು ಕೊಡಲಿಲ್ಲ. ಅದಕ್ಕೇ ಬಾಡಿ ಯಾರು ಬೇಕಾದರೂ ಮಾಡುತ್ತಾರೆ, ತಲೆ ಮಾತ್ರ ನೀವೇ ಕೊಯ್ದುಕೊಳ್ಳಬೇಕು. ನಮ್ಮೂರಿನ ಆಚಾರಿಯವರು ಜಿಗ್‌ಸಾದಲ್ಲಿ ಕೊಯ್ದು ಕೊಟ್ಟರು. ಬಾಡಿಯನ್ನು ಕೈಯಲ್ಲಿ ತೂಗಿ ನೋಡಿ, "ಇದು ಯಾವ ಮರ ಮಾರಾಯ, ಒಲೆಗೂ ಆಗ್ಲಿಕ್ಕಿಲ್ಲ" ಅಂದರು. ಬೀಟೆ, ತೇಗ, ಹಲಸು ಕೆತ್ತಿದ ಕೈಗೆ ಬಾಸ್‌ವುಡ್ ಹಾಗೆ ಅನಿಸದೆ ಇರುತ್ತದಾ. ಆದರೆ ನಿಂತು ನುಡಿಸುವವರ ಹೆಗಲಿಗೆ ಆ ಹಗುರವೇ ಒಳ್ಳೆಯದು.

ಮರದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಸಣ್ಣ ಸಾಮಾನುಗಳ ಬಗ್ಗೆ. ಪ್ಲಾಸ್ಟಿಕ್ ನಟ್‌ನ ಸೀಳುಗಳು ಆಳ ಸಾಲದೆ ಮೊದಲ ಫ್ರೆಟ್‌ನಲ್ಲಿ (ನೆಕ್ಕಿಗೆ ಅಡ್ಡ ಕೂರುವ ಲೋಹದ ಪಟ್ಟಿ) ಒತ್ತಿದರೆ ಸ್ವರ ಮೇಲಕ್ಕೆ ಹೋಗುತ್ತಿತ್ತು. ಮೂಳೆಯ ನಟ್ ಹಾಕಿದ ಮೇಲೆ ಸರಿಯಾಯಿತು. ಟ್ಯೂನರ್‌ಗಳ ಹಲ್ಲು ಸಡಿಲ. ವಾಲ್ಯೂಮ್ ಪಾಟ್ ತಿರುಗಿಸಿದರೆ ಕರಕರ. ಸಿಂಗಲ್ ಕಾಯಿಲ್ ಪಿಕಪ್‌ಗೆ (ತಂತಿಯ ಅದುರನ್ನು ಕರೆಂಟಾಗಿ ಹಿಡಿಯುವ ಒಂದೇ ಸುರುಳಿಯ ಭಾಗ) ವಾಡಿಕೆಯ 250 ಕಿಲೋ ಓಮ್ ಪಾಟ್ ತಂದು ಹಾಕಿದೆ. ಪಿಕಪ್ ಮಾತ್ರ ಇನ್ನೂ ಕಿಟ್ಟಿನದೇ, ಆಶ್ಚರ್ಯಕ್ಕೆ ಚೆನ್ನಾಗಿಯೇ ಇದೆ.

ಜೋಡಿಸುವಾಗ ಅವಸರ ಮಾಡಬಾರದ ಜಾಗ ಒಂದೇ, ಬಾಡಿಯ ಮೇಲೆ ತಂತಿಗಳು ಕೂರುವ ಬ್ರಿಡ್ಜ್. ಈ ಗಿಟಾರಿನ ತಂತಿಯ ಉದ್ದ 648 ಮಿಲಿಮೀಟರ್. ನಟ್‌ನಿಂದ 12ನೇ ಫ್ರೆಟ್‌ಗೆ ಅದರ ಅರ್ಧ, ಅಂದರೆ 324. ಅಲ್ಲಿಂದ ಬ್ರಿಡ್ಜಿನಲ್ಲಿ ತಂತಿ ತಾಗುವ ಸ್ಯಾಡಲ್‌ಗೂ ಅಷ್ಟೇ ಇರಬೇಕು, ದಪ್ಪ ತಂತಿಗಳಿಗೆ ಒಂಚೂರು ಜಾಸ್ತಿ. ಕಿಟ್ಟಿನ ಬಾಡಿಯಲ್ಲಿ ಬ್ರಿಡ್ಜ್ ತೂತುಗಳನ್ನು ಕೊರೆದೇ ಕಳಿಸಿದ್ದರೂ ಅದನ್ನು ನಂಬಿ ಸ್ಕ್ರೂ ಬಿಗಿಯಬೇಡಿ. ನೆಕ್ ಕೂರಿಸಿ, ಬ್ರಿಡ್ಜನ್ನು ಸುಮ್ನೆ ಇಟ್ಟು, ಎರಡು ಬದಿಯ ತಂತಿಗಳ ಜಾಗದಲ್ಲಿ ಹೊಲಿಗೆ ದಾರ ಎಳೆದು ಕಟ್ಟಿ. ಮೇಲಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ದಾರಕ್ಕೂ ಫ್ರೆಟ್ ಬೋರ್ಡಿನ ಅಂಚಿಗೂ ಇರುವ ಸಂದು ಎರಡೂ ಬದಿ ಒಂದೇ ಇದ್ದರೆ ಸರಿ. ನನ್ನದರಲ್ಲಿ ತೆಳು ತಂತಿಯ ಬದಿ ಅಂಚಿಗೆ ಅಂಟಿಕೊಂಡಂತಿತ್ತು. ನೆಕ್ ಸ್ಕ್ರೂಗಳನ್ನು ಸಡಿಲಿಸಿ, ತುದಿಯನ್ನು ಮೆಲ್ಲಗೆ ಎಳೆದು ಮತ್ತೆ ಬಿಗಿದಾಗ ಸರಿಹೋಯಿತು.

ಬಣ್ಣದ ಕೆಲಸವನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಗಾಳಿಯ ತೇವ ಒಳಗೆ ಸಿಕ್ಕಿಕೊಂಡು ಹಾಲಿನಂತೆ ಬೆಳ್ಳಗಾಗುತ್ತದೆ. ಇನ್ನೊಂದು ವಿಷಯ, ಕೆಲವು ಬಾಡಿಗಳಿಗೆ ಮೊದಲೇ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಹೊಡೆದಿರುತ್ತಾರೆ. ಅದರ ಮೇಲೆ ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಹಾಕಿದರೆ ಮರ ಹೀರುವುದಿಲ್ಲ. ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಹಾಗೇ ಕೂತಿದ್ದರೆ ಮೊದಲು ಸ್ಯಾಂಡ್ ಪೇಪರ್ ಕೆಲಸ ಬಾಕಿ ಇದೆ ಎಂದು ಅರ್ಥ.

ಇನ್ನು ಮಳೆಗಾಲದ ವಿಷಯ. ಗಿಟಾರನ್ನು ಗೋಡೆಗೆ ನೇತುಹಾಕುವ ಆಸೆ ನಮ್ಮ ಕಡೆಯವರು ಬಿಡಬೇಕು. ಹೊರಗೋಡೆ ನೀರು ಕುಡಿದಿರುತ್ತದೆ. ಅಜ್ಜಿ ಹೇಳಿದ ಉಪಾಯ ಒಲೆಯ ಮೇಲಿನ ಅಟ್ಟ, "ಮೆಣಸು, ಮಾಂಸ ಎಲ್ಲಾ ಅಲ್ಲೇ ಒಣಗೋದಲ್ವಾ?" ಗಿಟಾರ್ ಹೊಗೆ ಹಿಡಿದ ಹಂದಿ ಮಾಂಸದ ವಾಸನೆ ಹೊಡೆಯುತ್ತದೆ ಅಜ್ಜಿ ಎಂದು ತಪ್ಪಿಸಿಕೊಂಡೆ. ನಾನು ಮಾಡಿದ್ದು ನಮ್ಮ ಮನೆಗಳಲ್ಲಿ ಬಟ್ಟೆಗೆ ಮಾಡುವುದನ್ನೇ. ಅಲ್ಮೇರಾದ ಕೆಳಗಡೆ ಒಂದು ಬಲ್ಬ್ ಉರಿಸಿ, ಗಿಟಾರನ್ನು ಅದರಿಂದ ದೂರ, ಮೇಲ್ಗಡೆ ಇಡುವುದು. ಎಲ್‌ಇಡಿ ಬಲ್ಬ್ ಇದಕ್ಕೆ ಪ್ರಯೋಜನವಿಲ್ಲ, ಅಲ್ಮೇರಾ ಬೆಚ್ಚಗಾಗುವಷ್ಟು ಕಾವು ಅದರಲ್ಲಿ ಇಲ್ಲ. ಹಳೇ ತಂತಿಯ ಬಲ್ಬೇ ಬೇಕು. ಅದು ಈಗ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕಾಗ ನಾಲ್ಕು ತಂದಿಟ್ಟುಕೊಳ್ಳಿ.

ಇಷ್ಟಾದರೂ ಜುಲೈ ಹೊತ್ತಿಗೆ ಒಮ್ಮೆ, ಮತ್ತೆ ಡಿಸೆಂಬರ್‌ನಲ್ಲಿ ಒಮ್ಮೆ ಟ್ರಸ್ ರಾಡ್ (ನೆಕ್ಕಿನ ಒಳಗಿದ್ದು ಅದರ ಬಾಗು ಸರಿಮಾಡುವ ಕಂಬಿ) ಮುಟ್ಟಲೇಬೇಕಾಗುತ್ತದೆ. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದರೆ ಏಳನೇ ಫ್ರೆಟ್ ಹತ್ತಿರ ಕಾಲು ಮಿಲಿಮೀಟರ್‌ನಷ್ಟು ಸಂದು ಇರಬೇಕು. ಅಳೆಯಲು ಬೇಕಾದ ಫೀಲರ್ ಗೇಜ್ ಯಾವುದೇ ಬೈಕ್ ಗ್ಯಾರೇಜಿನಲ್ಲಿ ಸಿಗುತ್ತದೆ, ಅವರು ವಾಲ್ವ್ ಸಂದು ಅಳೆಯುವುದು ಅದರಲ್ಲೇ. ಕೀಲಿಯನ್ನು ಒಂದು ಸಲಕ್ಕೆ ಕಾಲು ಸುತ್ತು ತಿರುಗಿಸಿ, ಮಾರನೇ ದಿನ ಮತ್ತೆ ನೋಡಿ. ಮಾರ್ಚ್‌ನಲ್ಲಿ ಇದರ ಉಲ್ಟಾ ಕಾಟ. ಬೋರ್ಡ್ ಒಣಗಿ ಕುಗ್ಗಿ, ಫ್ರೆಟ್‌ಗಳ ತುದಿ ಹೊರಗೆ ಬಂದು ಅಂಗೈಗೆ ಚುಚ್ಚುತ್ತದೆ. ಸಣ್ಣ ಅರದಲ್ಲಿ ಒಮ್ಮೆ ಉಜ್ಜಿದೆ, ಆಮೇಲೆ ತೊಂದರೆ ಕೊಡಲಿಲ್ಲ. ತಂತಿಗಳಂತೂ ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತವೆ. ಕೋಟಿಂಗ್ ಇರುವ ತಂತಿಗೆ ದುಡ್ಡು ಜಾಸ್ತಿಯಾದರೂ ಇಲ್ಲಿ ಅದೇ ಲಾಭ.

ಗುಂಯ್ ಎನ್ನುವ ಸದ್ದಿನ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದರಲ್ಲಿ ಎರಡು ಬಗೆ. ಒಂದು, ನಮ್ಮ 50 ಹರ್ಟ್ಸ್ ಕರೆಂಟಿನಿಂದ ಬರುವ ದಪ್ಪ ಗುಂಯ್. ಸಿಂಗಲ್ ಕಾಯಿಲ್ ಪಿಕಪ್ ಇರುವ ತನಕ ಅದು ಸ್ವಲ್ಪ ಇದ್ದೇ ಇರುತ್ತದೆ. ಅದನ್ನು ಕೊಲ್ಲಲೆಂದೇ 1955ರಲ್ಲಿ ಗಿಬ್ಸನ್‌ನ ಸೆತ್ ಲವರ್ ಎರಡು ಕಾಯಿಲ್‌ನ ಹಂಬಕರ್ ಪಿಕಪ್ ತಯಾರಿಸಿದ್ದು. ಇನ್ನೊಂದು, ತೆಳು ಜರ್ ಸದ್ದು. ಇದು ಪಿಕಪ್, ಪಾಟ್ ಕೂರುವ ಒಳಗುಂಡಿಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡ್‌ಗೆ ಸೇರಿಸಿದರೆ ತುಂಬಾ ಕಡಿಮೆಯಾಗುತ್ತದೆ. ತಂತಿ ಮುಟ್ಟಿದಾಗ ಸದ್ದು ನಿಂತು, ಕೈ ತೆಗೆದರೆ ಮತ್ತೆ ಶುರುವಾಗುತ್ತದಾ? ಹಾಗಾದರೆ ಬ್ರಿಡ್ಜಿನ ಗ್ರೌಂಡ್ ಸರಿಯಿದೆ, ಶೀಲ್ಡಿಂಗ್ (ಆ ತಾಮ್ರದ ಹೊದಿಕೆ) ಸಾಲದು. ಮುಟ್ಟಿದರೂ ನಿಲ್ಲದಿದ್ದರೆ ಬ್ರಿಡ್ಜಿನ ಅಡಿಯ ಗ್ರೌಂಡ್ ವೈರ್ ನೋಡಿ. ಕಿಟ್ಟಿನಲ್ಲಿ ಆ ವೈರಿನ ತುದಿಯನ್ನು ಸುಮ್ನೆ ಬ್ರಿಡ್ಜ್ ಕೆಳಗೆ ಸಿಕ್ಕಿಸುತ್ತಾರೆ, ಮೇಲೆ ಬಣ್ಣ ಕೂತರೆ ಸಂಪರ್ಕವೇ ಇರುವುದಿಲ್ಲ. ಇದಕ್ಕೂ ಮೊದಲು ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಹಳೇ ಮನೆಗಳಲ್ಲಿ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ. ಅದು ಸಂಗೀತಕ್ಕಿಂತ ಮೊದಲು ಜೀವದ ವಿಷಯ.

ರೆಕಾರ್ಡಿಂಗ್‌ಗೆ ನಾನು ಬಳಸುವುದು ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಇಂಟರ್‌ಫೇಸ್ (ಗಿಟಾರ್ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ), ಹಳೇ ಲ್ಯಾಪ್‌ಟಾಪ್, ರೀಪರ್ ಸಾಫ್ಟ್‌ವೇರ್. ರೀಪರ್ 60 ದಿನ ಪುಕ್ಕಟೆ ನೋಡಬಹುದು, ಮನೆ ಬಳಕೆಯ ಲೈಸೆನ್ಸ್ 60 ಡಾಲರ್. ಆಂಪ್ (ಗಿಟಾರ್ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ) ಇಲ್ಲವೇ ಇಲ್ಲ. ನ್ಯೂರಲ್ ಆಂಪ್ ಮಾಡೆಲರ್ ಎಂಬ, ರೀಪರ್ ಒಳಗೆ ಸೇರಿಸುವ ಪುಕ್ಕಟೆ ಪ್ಲಗಿನ್ ಆ ಕೆಲಸ ಮಾಡುತ್ತದೆ. ಕೊಡಗಿನಲ್ಲಿ ಎಲೆಕ್ಟ್ರಿಕ್ ಗಿಟಾರಿನ ನಿಜವಾದ ಸುಖ ಇಲ್ಲಿದೆ. ಹೆಂಚಿನ ಮೇಲೆ, ಶೀಟಿನ ಮೇಲೆ ಮಳೆ ಹೊಡೆಯುವಾಗ ಹಾಡು, ಅಕೂಸ್ಟಿಕ್ ಗಿಟಾರ್ ಯಾವುದೂ ರೆಕಾರ್ಡ್ ಆಗುವುದಿಲ್ಲ. ಕೇಬಲ್ ನೇರವಾಗಿ ಇಂಟರ್‌ಫೇಸಿಗೆ ಚುಚ್ಚಿದ ಎಲೆಕ್ಟ್ರಿಕ್‌ಗೆ ಮಳೆ ಕೇಳುವುದೇ ಇಲ್ಲ. ಹಾಗಾಗಿ ಗಿಟಾರ್ ಭಾಗವೆಲ್ಲ ಮಳೆಗಾಲದಲ್ಲಿ, ಗಾಯನ ಮಳೆ ನಿಂತ ಮೇಲೆ. ಡಿಸೆಂಬರ್‌ನಲ್ಲಿ ಪಕ್ಕದ ತೋಟದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಸದ್ದು, ಬೇಸಿಗೆ ಸಂಜೆ ಜೀರುಂಡೆ. ಗಾಯನಕ್ಕೆ ಸಿಗುವುದು ಬೆಳಗಿನ ಜಾವ ಮಾತ್ರ.

ಕರೆಂಟ್ ಹೋದಾಗ ಇನ್ವರ್ಟರ್‌ನಲ್ಲಿ ರೆಕಾರ್ಡ್ ಮಾಡಬೇಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಪಿಕಪ್ ಪೂರ್ತಿ ಅದನ್ನೇ ಹಾಡುತ್ತದೆ. ಇನ್ವರ್ಟರ್ ಆಫ್ ಮಾಡಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ನುಡಿಸಿ. ಇಂಟರ್‌ಫೇಸಿಗೆ ಯುಎಸ್‌ಬಿ ಕರೆಂಟ್ ಸಾಕು. ನನ್ನ ಅತ್ಯಂತ ಶುಚಿಯಾದ ರೆಕಾರ್ಡಿಂಗ್‌ಗಳು ಊರಿಗೇ ಕರೆಂಟ್ ಇಲ್ಲದ ರಾತ್ರಿಗಳವು.

ವಿಡಿಯೋ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಫೋನ್ ಸಾಕು. ಎರಡು ಸಂಗತಿ ಮಾತ್ರ. ಮನೆಯ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಓಡುವುದು ನಿಲ್ಲುತ್ತದೆ. ಜಗಲಿಯಲ್ಲಿ ಮಂಜಿನ ಬೆಳಕಿದ್ದರೆ ದೀಪವೇ ಬೇಡ. ಎರಡನೆಯದು, ಫೋನ್‌ಗಳ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಒಂದೇ ಸಮ ಇರುವುದಿಲ್ಲ, ಹಾಗಾಗಿ ಹಾಡು ಮುಂದೆ ಹೋದಂತೆ ಬೆರಳು ಮತ್ತು ಸ್ವರ ಬೇರೆಯಾಗುತ್ತವೆ. ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟಿಗೆ ಬದಲಿಸಿ, ಆಮೇಲೆ ಎಡಿಟಿಂಗ್ ಸಾಫ್ಟ್‌ವೇರ್ ಆದ ಡಾವಿಂಚಿ ರಿಸಾಲ್ವ್‌ಗೆ ಹಾಕಿ. ಆಡಿಯೋ ಎಲ್ಲಾ ಕಡೆ 48 ಕಿಲೋಹರ್ಟ್ಸ್ ಇರಲಿ. ವಿಡಿಯೋದಲ್ಲಿ ತಂತಿಗಳು ಹಾವಿನಂತೆ ಅಲೆಯುವುದು ಸೆನ್ಸರ್ ಸಾಲು ಸಾಲಾಗಿ ಓದುವುದರಿಂದ, ಎಫೆಕ್ಟ್ ಅಲ್ಲ. "ಯಾವ ಆ್ಯಪ್ ಅಣ್ಣಾ?" ಎಂದು ಕೇಳುವ ತಮ್ಮಂದಿರು ಇನ್ನೂ ಇದ್ದಾರೆ.

ಜನ ಇಷ್ಟಪಟ್ಟದ್ದು ವಾಲಗದ (ಕೊಡಗಿನ ಕುಣಿತದ ವಾದ್ಯ) ತಾಳಕ್ಕೆ ನುಡಿಸಿದ ವಿಡಿಯೋ. ಗೆಳೆಯನೊಬ್ಬ ದುಡಿ ಎಂಬ ಸಣ್ಣ ಚರ್ಮವಾದ್ಯ ಬಾರಿಸಿದ. ಅದರ ಚರ್ಮ ತೇವಕ್ಕೆ ಸಡಿಲವಾಗುತ್ತದೆ, ಒಲೆಯ ಮುಂದೆ ಕಾಯಿಸಿ ತಂದು ಕೂಡಲೇ ಬಾರಿಸಬೇಕು. ಹಾಗಾಗಿ ಮೊದಲು ದುಡಿ, ಅದರ ಮೇಲೆ ಗಿಟಾರ್. ಮೆಟ್ರೋನೋಮ್ (ಒಂದೇ ಲಯಕ್ಕೆ ಕ್ಲಿಕ್ ಎನ್ನುವುದು) ಹಾಕದೆ ಅವನ ನಡೆಗೇ ಬಿಟ್ಟೆ. ಕ್ಲಿಕ್ಕಿಗೆ ಕಟ್ಟಿಹಾಕಿದ ವಾಲಗಕ್ಕೆ ಯಾರ ಕಾಲೂ ಏಳುವುದಿಲ್ಲ. ಯೂಟ್ಯೂಬ್ ಜೋರು ಸದ್ದನ್ನು (ಎಲ್‌ಯುಎಫ್‌ಎಸ್ ಎಂದರೆ ಸದ್ದಿನ ಜೋರು ಅಳೆಯುವ ಮಾನ) ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಇಳಿಸುತ್ತದೆ, ಆದ್ದರಿಂದ ಜೋರು ಮಾಡುವ ಹುಚ್ಚಿನಲ್ಲಿ ದುಡಿಯ ಪೆಟ್ಟನ್ನು ಚಪ್ಪಟೆ ಮಾಡಬೇಡಿ.

ಕಿಟ್ಟಿಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ನಾಳೆಯೇ ನುಡಿಸಬೇಕು ಅನ್ನುವವರಿಗೆ ಬೇಡ. ಸ್ಕ್ರೂಡ್ರೈವರ್ ಹಿಡಿದು ಕೂರಲು ಬೇಜಾರಿಲ್ಲದವರು ಧಾರಾಳವಾಗಿ ತೆಗೆದುಕೊಳ್ಳಿ. ಎರಡನೆಯ ಗಿಟಾರಿಗೆ ನಾನು ಪೂರ್ತಿ ಕಿಟ್ ತರಿಸುತ್ತಿಲ್ಲ. ತೋಟದ ಸಿಲ್ವರ್ ಓಕ್ ಹಲಗೆ ಅಟ್ಟದಲ್ಲಿ ಒಣಗುತ್ತಿದೆ. ಕಾಫಿಗೆ ನೆರಳಿಗೆಂದು ಆಸ್ಟ್ರೇಲಿಯಾದಿಂದ ಬಂದ ಮರ ಅದು, ಸರಿಯಾದ ದಿಕ್ಕಿನಲ್ಲಿ ಕೊಯ್ದರೆ ಮೈಮೇಲೆ ಚುಕ್ಕೆ ಚುಕ್ಕೆ ಹೊಳಪು ಕಾಣುತ್ತದೆ. "ನಮ್ದೇ ಬೀಟೆ ಹಾಕು" ಅನ್ನುವವರಿದ್ದಾರೆ. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಆ ತಾಪತ್ರಯ ಯಾರಿಗೆ ಬೇಕು? ಮುರಿದ ಹಳೇ ಮಂಚದ ಬೀಟೆ ಪಟ್ಟಿ ಇದೆ, ಅದರಲ್ಲಿ ಫ್ರೆಟ್ ಬೋರ್ಡ್ ಮಾಡಬಹುದು. ಲೆಕ್ಕ ಸುಲಭ. 648ನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ 36.37 ಮಿಲಿಮೀಟರ್‌ಗೆ, ಉಳಿದ ಉದ್ದವನ್ನು ಮತ್ತೆ ಹಾಗೇ ಭಾಗಿಸುತ್ತಾ ಹೋಗುವುದು. ಲೆಕ್ಕದಷ್ಟು ಸುಲಭಕ್ಕೆ ಗರಗಸ ಓಡುವುದಿಲ್ಲ. ಅದಕ್ಕೇ ಈ ಸಲಕ್ಕೆ ನೆಕ್ ಮಾತ್ರ ರೆಡಿ ತರಿಸುತ್ತೇನೆ, ಬಿಡಿಯಾಗಿಯೂ ಮಾರುತ್ತಾರೆ. ನೀವೂ ಹಾಗೆ ತರಿಸುವುದಾದರೆ ಬಾಡಿಯಲ್ಲಿ ಕೂರುವ ತುದಿಯ ಅಗಲ 56 ಮಿಲಿಮೀಟರ್ ಹೌದೋ ಅಲ್ಲವೋ ಎಂದು ಕೇಳಿಕೊಂಡು ಆರ್ಡರ್ ಮಾಡಿ. ಆ ಅಳತೆಗೆ ಬಾಡಿಯಲ್ಲಿ ಗುಂಡಿ ತೆಗೆದುಕೊಡಲು ಆಚಾರಿಯವರಿಗೆ ಹೇಳಿಟ್ಟಿದ್ದೇನೆ. ಕಾಫಿ ಕುಯ್ಲು ಮುಗಿಯಲಿ, ಬರುತ್ತೇನೆ ಅಂದಿದ್ದಾರೆ.