ಆ ಕಾಡುಕುರಿ ಮರಿಯ ವಿಡಿಯೋ ನೋಡಿ ಯಾರೂ ಹಾಗೆ ಮಾಡಬೇಡಿ

ಪುಟ್ಟ ಹುಡುಗಿಯೊಬ್ಬಳು ಬಾಟಲಿಯಲ್ಲಿ ಕಾಡುಕುರಿ (ನಾಯಿಯಂತೆ ಬೊಗಳುವ ಸಣ್ಣ ಜಿಂಕೆ) ಮರಿಗೆ ಹಾಲು ಕುಡಿಸುವ ವಿಡಿಯೋ ನಮ್ಮ ಸಾಗರದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿದೆ. ತೆಗೆದವನು ನಾನು, ಹುಡುಗಿ ನನ್ನ ಮಗಳು. ಅದಾಗಿ ಮೂರನೇ ದಿನ ಮರಿ ಸತ್ತಿತು. ಸತ್ತ ಸುದ್ದಿಯನ್ನು ಯಾರೂ ಹಂಚಲಿಲ್ಲ, ನಾನೂ ಹಂಚಲಿಲ್ಲ. ಮೊನ್ನೆ ಗುರುತಿಲ್ಲದವರೊಬ್ಬರು ಫೋನ್ ಮಾಡಿ, "ನಮಗೂ ಅಂಥದೇ ಮರಿ ಸಿಕ್ಕಿದೆ, ನೀವು ಯಾವ ಹಾಲು ಕೊಟ್ರಿ, ದಿನಕ್ಕೆ ಎಷ್ಟು ಸಲ?" ಎಂದು ಕೇಳಿದರು. ಇನ್ನು ಸುಮ್ಮನಿರುವುದು ತಪ್ಪು ಅನಿಸಿತು.

ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದೆ. ಪೊದೆಯ ಬುಡದಲ್ಲಿ ಮೈತುಂಬ ಬಿಳಿ ಚುಕ್ಕೆಯ ಮರಿ ಮುದುಡಿ ಮಲಗಿತ್ತು. ಹತ್ತಿರ ಹೋದರೂ ಏಳಲಿಲ್ಲ. ಹತ್ತು ನಿಮಿಷ ಕಾದೆ, ತಾಯಿ ಕಾಣಲಿಲ್ಲ. ಊರ ನಾಯಿಗಳು ಅಲ್ಲೇ ಸುತ್ತುತ್ತಿದ್ದವು. ಪಾಪ, ಅನಾಥ ಎಂದುಕೊಂಡು ಪಂಚೆಯಲ್ಲಿ ಸುತ್ತಿ ಮನೆಗೆ ತಂದೆ. ನಾಯಿಗಳನ್ನು ಕರೆದು ಕಟ್ಟಿಹಾಕಿದ್ದರೆ ಸಾಕಿತ್ತು ಎಂಬುದು ಹೊಳೆಯಲೇ ಇಲ್ಲ.

ಅಂದು ಕತ್ತಲಾಗುವ ಹೊತ್ತಿಗೆ ಬೆಟ್ಟದ ಅಂಚಿನಿಂದ ಕಾಡುಕುರಿ ಬೊಗಳತೊಡಗಿತು. ಬಹಳ ಹೊತ್ತು, ಬಿಟ್ಟು ಬಿಟ್ಟು. "ಚಿರತೆ ಬಂದಿರ್ಬೇಕು" ಎಂದರು ಅಪ್ಪ. ಮರಿ ನಮ್ಮ ಜಗಲಿಯಲ್ಲೇ ಇತ್ತು. ಮರುದಿನ ಸಂಜೆಯೂ ಕೂಗು ಕೇಳಿಸಿತು, ಅದರ ಮರುದಿನ ಇಲ್ಲ.

ಹಸುವಿನ ಹಾಲನ್ನು ಉಗುರುಬೆಚ್ಚಗೆ ಮಾಡಿ ಕುಡಿಸಿದೆವು. ಅಕ್ಕಪಕ್ಕದವರೆಲ್ಲ ಬಂದು ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. ಮರಿ ಮಿಸುಕದೆ ಕೂತಿದ್ದನ್ನು ನೋಡಿ "ಎಷ್ಟು ಬೇಗ ಹೊಂದಿಕೊಂಡಿತು" ಎಂದು ಖುಷಿಪಟ್ಟೆವು. ಎರಡನೇ ದಿನ ಭೇದಿ ಶುರುವಾಯಿತು. ಮೂರನೇ ದಿನ ಬೆಳಗ್ಗೆ ಕತ್ತೆತ್ತಲಿಲ್ಲ. ಆಗ ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಅವರ ಜೊತೆ ಬಂದ ಪಶುವೈದ್ಯರು ಮರಿಯ ಎದೆಗೆ ಕಿವಿಗೊಟ್ಟು, "ಇದು ಸಾಧುವಾಗಿ ಕೂತಿದ್ದಲ್ಲ, ಹೆದರಿ ಮರಗಟ್ಟಿದ್ದು" ಎಂದರು. ಮಧ್ಯಾಹ್ನದೊಳಗೆ ಪ್ರಾಣ ಹೋಯಿತು.

ಅವರು ಹೇಳಿದ್ದರಲ್ಲಿ ಒಂದೂ ನನಗೆ ಮೊದಲು ಗೊತ್ತಿರಲಿಲ್ಲ. ಜಿಂಕೆ ಜಾತಿಯ ತಾಯಂದಿರು ಮರಿಯನ್ನು ಬೇಕೆಂದೇ ಬಿಟ್ಟುಹೋಗುತ್ತವೆ. ಎಳೆಮರಿಯ ಮೈಗೆ ವಾಸನೆ ಬಲು ಕಡಿಮೆ; ತಾಯಿ ಪಕ್ಕದಲ್ಲೇ ಇದ್ದರೆ ಅವಳ ವಾಸನೆ ಹಿಡಿದು ಚಿರತೆ, ನಾಯಿ ಬರುತ್ತವೆ. ದೂರದಲ್ಲಿ ಮೇಯುತ್ತಿದ್ದು ಹಾಲೂಡಿಸಲು ಬಂದುಹೋಗುತ್ತಾಳೆ. ಮನುಷ್ಯ ಅಲ್ಲೇ ನಿಂತಿದ್ದರೆ ಬರುವುದಿಲ್ಲ. ನಾನು ಕಾದ ಹತ್ತು ನಿಮಿಷ ಅವಳನ್ನು ತಡೆದದ್ದಷ್ಟೇ. ಇನ್ನು ಹಾಲು: ಅವಳ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಹಸುವಿನ ಹಾಲಿಗಿಂತ ಎಷ್ಟೋ ಹೆಚ್ಚು. ಬಾಟಲಿಯಲ್ಲಿ ಒತ್ತಾಯ ಮಾಡಿದರೆ ಹಾಲು ಶ್ವಾಸಕೋಶಕ್ಕೂ ಇಳಿಯುತ್ತದೆ. ಇದರ ಮೇಲೆ ಭಯ ಬೇರೆ. ಹಿಡಿದ ಗಾಬರಿಗೇ ಮಾಂಸಖಂಡಗಳು ಹಾಳಾಗಿ, ದಿನಗಳ ನಂತರ ಸಾಯುವುದು ಈ ಪ್ರಾಣಿಗಳಲ್ಲಿ ಉಂಟಂತೆ.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅಂದರೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದೂ ಸೇರುತ್ತದೆ. ನನ್ನ ಹೇಳಿಕೆ ಬರೆಸಿಕೊಂಡು ಎಚ್ಚರಿಕೆ ಕೊಟ್ಟು ಬಿಟ್ಟರು.

ಇಂಥ ತಪ್ಪು ನಮ್ಮ ಕಡೆ ಮಾತ್ರ ಆಗುವುದಲ್ಲ. 2016ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರು ಕಾಡೆಮ್ಮೆಯ ಕರುವೊಂದಕ್ಕೆ ಚಳಿಯಾಗುತ್ತಿದೆ ಎಂದು ಕಾರಿಗೆ ಹತ್ತಿಸಿಕೊಂಡರು. ಮತ್ತೆ ಹಿಂಡು ಅದನ್ನು ಸೇರಿಸಿಕೊಳ್ಳಲಿಲ್ಲ, ಅದು ಮನುಷ್ಯರ, ಕಾರುಗಳ ಹಿಂದೆಯೇ ಬರತೊಡಗಿತು. ಕೊನೆಗೆ ಉದ್ಯಾನದ ಸಿಬ್ಬಂದಿಯೇ ಅದನ್ನು ಕೊಲ್ಲಬೇಕಾಯಿತು.

ಸಹಾಯವೇ ಬೇಡ ಎನ್ನುತ್ತಿಲ್ಲ. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕುಯ್ದುಕೊಂಡ ಹದ್ದು, ಉರುಳಿಗೆ ಸಿಕ್ಕ ಪ್ರಾಣಿ, ತೆರೆದ ಬಾವಿಗೆ ಬಿದ್ದದ್ದು – ಇವೆಲ್ಲ ನಾವೇ ಮಾಡಿದ ಗಾಯ, ನಾವು ಸುಮ್ಮನಿರುವಂತಿಲ್ಲ. ಮರಿಯ ಮೈಯಲ್ಲಿ ರಕ್ತ, ಹುಳ ಕಂಡರೆ, ತಾಯಿ ಪಕ್ಕದಲ್ಲೇ ಸತ್ತು ಬಿದ್ದಿದ್ದರೆ ಕೂಡಲೇ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಆಗಲೂ ಹಾಲು ಕೊಡಬೇಡಿ. ನೆರಳು, ಮೌನ ಸಾಕು.

ಈಗಾಗಲೇ ಎತ್ತಿ ತಂದಿದ್ದರೆ? ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎನ್ನುವ ಮಾತನ್ನು ನಂಬಿ ಇಟ್ಟುಕೊಳ್ಳಬೇಡಿ. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ಕಬ್ಬಿನ ಗದ್ದೆಯಲ್ಲಿ ಸಿಕ್ಕ ಚಿರತೆ ಮರಿಗಳನ್ನು ಕತ್ತಲಾದ ಮೇಲೆ ಸಿಕ್ಕ ಜಾಗದಲ್ಲೇ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ. ಎಷ್ಟೋ ಸಲ ತಾಯಿ ಬಂದು ಕಚ್ಚಿಕೊಂಡು ಹೋಗಿದ್ದಾಳೆ, ಅದೂ ಜನ ಕೈಯಾರೆ ಎತ್ತಿದ ಮರಿಗಳನ್ನು.

ಮೊನ್ನೆ ಫೋನ್ ಮಾಡಿದವರಿಗೂ ಇದನ್ನೇ ಹೇಳಿದೆ: ಈಗಲೇ 1926ಕ್ಕೆ ತಿಳಿಸಿ, ಅವರು ಹೇಳಿದಂತೆ ಕತ್ತಲಾಗುವ ಮೊದಲು ಅದೇ ಪೊದೆಯ ಬುಡದಲ್ಲಿಟ್ಟು ಬನ್ನಿ, ನಾಯಿ ಕಟ್ಟಿ, ತಿರುಗಿ ನೋಡಲು ಹೋಗಬೇಡಿ. ಆ ವಿಡಿಯೋ ನಿಮ್ಮ ಗುಂಪಿಗೆ ಬಂದರೆ, ದಯವಿಟ್ಟು ಅದರ ಕೆಳಗೆ ಬರೆಯಿರಿ, ಆ ಮರಿ ಸತ್ತಿತು ಎಂದು.